ಅರಬೈಲ್ ಘಟ್ಟಕ್ಕೆ ಮೊದಲು ಒಂದು ನೀಲಿ ಫ್ಯೂಸ್

ಧಾರವಾಡದಿಂದ ಹೊರಟಾಗ ಮಳೆ ಇರಲಿಲ್ಲ. ಕಲಘಟಗಿಯಲ್ಲಿ ನಾಲ್ಕು ಹನಿ ಬಿತ್ತು. ಕಿರವತ್ತಿ ಬರುವ ಹೊತ್ತಿಗೆ ಸಾಗುವಾನಿ ಮರಗಳ ನಡುವೆ ರಸ್ತೆಯೇ ಕಪ್ಪಾಗಿ, ಎದುರಿನ ಲಾರಿಗಳು ಹಾಡಹಗಲೇ ದೀಪ ಹಾಕಿಕೊಂಡು ಬರುತ್ತಿದ್ದವು. ಜುಲೈ ತಿಂಗಳ ಕೊನೆಯ ಭಾನುವಾರ. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ಗೋಕರ್ಣದ ಕೋಟಿತೀರ್ಥದಲ್ಲಿ ಒಮ್ಮೆ ಪಿಂಡ ಬಿಡಬೇಕು ಎಂದು ಅವ್ವ ಹೇಳುತ್ತಲೇ ಇದ್ದಳು. ಮರುದಿನ ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ ಬರಬೇಕೆಂದು ಅಲ್ಲಿಯ ಭಟ್ಟರು ಫೋನಿನಲ್ಲಿ ತಿಳಿಸಿದ್ದರು. ಕಾರಿನಲ್ಲಿ ನಾನು, ಹೆಂಡತಿ, ಎಂಟನೆಯ ತರಗತಿಯ ಮಗಳು, ಹಿಂದಿನ ಸೀಟಿನಲ್ಲಿ ಶಾಲು ಹೊದ್ದ ಅವ್ವ. ಕಾರಿಗೆ ಹನ್ನೊಂದು ವರ್ಷ, ನನ್ನ ಕೈಗೆ ಬಂದು ಮೂರು ವರ್ಷ.

ಸಮಯವಿದೆ ಎಂದು ಯಲ್ಲಾಪುರದಿಂದ ಮಾಗೋಡಿನತ್ತ ತಿರುಗಿದೆವು. ಬೇಡ್ತಿ ನದಿ ಸುಮಾರು ಇನ್ನೂರು ಮೀಟರ್ ಆಳಕ್ಕೆ ಎರಡು ಹಂತಗಳಲ್ಲಿ ಧುಮುಕುವ ಜಾಗ ಅದು. ಅಂದು ಮಂಜು ಮುಸುಕಿತ್ತು. ಮೊದಲು ಸದ್ದು ಮಾತ್ರ ಕೇಳಿಸಿತು. ಆಮೇಲೆ ಗಾಳಿ ಒಮ್ಮೆ ಬೀಸಿ ಪರದೆ ಸರಿದಾಗ ಕೆಂಪು ನೀರು ಕಣ್ಣ ಮುಂದೆ ನಿಂತಿತು. ಅವ್ವ ಕಟಕಟೆ ಹಿಡಿದುಕೊಂಡು, "ಇದರಲ್ಲಿ ನಮ್ಮ ಸೋಮೇಶ್ವರ ಗುಡಿಯ ನೀರೂ ಇದೆಯಲ್ಲವೇ?" ಎಂದು ಕೇಳಿದಳು. ಇದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರುತ್ತದೆ, ಬೇಡ್ತಿ ಘಟ್ಟ ಇಳಿದು ಗಂಗಾವಳಿಯಾಗಿ ಗೋಕರ್ಣದ ಹತ್ತಿರ ಕಡಲಿಗೆ ಬೀಳುತ್ತದೆ. ನಾವು ಹೊರಟಿದ್ದೂ ಅದೇ ದಾರಿಯಲ್ಲಿ. ಅವ್ವ ಬಹಳ ಹೊತ್ತು ಅಲ್ಲಿಯೇ ನಿಂತಳು. ಅಷ್ಟು ಹೊತ್ತೂ ಕಾರು ಒಂದು ದೊಡ್ಡ ಮರದಡಿಯಲ್ಲಿ ನೆನೆಯುತ್ತಿತ್ತು.

ಯಲ್ಲಾಪುರಕ್ಕೆ ಮರಳುವಾಗ ಆರೂವರೆ ದಾಟಿತ್ತು. ಮಳೆ ಜೋರಾಯಿತು. ವೈಪರ್ ಅರ್ಧಕ್ಕೆ ಬಂದು ಒಮ್ಮೆ ತಡೆಯಿತು, ಕಿರ್ ಎಂದಿತು, ನಿಂತೇ ಹೋಯಿತು. ಗುಂಡಿ ಒತ್ತಿದರೂ ಇಲ್ಲ, ತಿರುವಿದರೂ ಇಲ್ಲ. ಗಾಜಿನ ಮೇಲೆ ನೀರು ಹಾಳೆಹಾಳೆಯಾಗಿ ಇಳಿಯಿತು. ಎದುರಿನ ವಾಹನದ ದೀಪ ಅದರಲ್ಲಿ ಒಡೆದು ನೂರಾಯಿತು. ಕಿಟಕಿ ಇಳಿಸಿ ತಲೆ ಹೊರಗೆ ಹಾಕಿಕೊಂಡು, ನಡೆಯುವವರ ವೇಗದಲ್ಲಿ ಒಂದು ಪೆಟ್ರೋಲ್ ಬಂಕ್ ಸೇರಿದೆ. ಮುಂದಿರುವುದು ಅರಬೈಲ್ ಘಟ್ಟ. ತಿರುವಿನ ಮೇಲೆ ತಿರುವು, ರಾತ್ರಿಯೆಲ್ಲ ಲಾರಿ. ವೈಪರ್ ಇಲ್ಲದೆ ಆ ಮಳೆಯಲ್ಲಿ ಅದನ್ನು ಇಳಿಯುವ ಮಾತೇ ಇರಲಿಲ್ಲ.

ಬಂಕಿನ ಹುಡುಗ ಒಳ್ಳೆಯವನು. ಅವ್ವನಿಗೆ ಕುರ್ಚಿ ತಂದುಕೊಟ್ಟ, ಮಗಳಿಗೆ ಶೌಚಾಲಯದ ಬೀಗ ತೆಗೆದುಕೊಟ್ಟ. "ಫ್ಯೂಸ್ ಹೋಗಿರಬಹುದು ಸರ್" ಎಂದು ಅವನೇ ಮೊದಲು ಹೇಳಿದ. ನಿಮ್ಮಲ್ಲಿ ಇದೆಯೇ ಎಂದೆ. ಇಲ್ಲ. ಊರೊಳಗಿನ ಬಿಡಿಭಾಗದ ಅಂಗಡಿ? ಭಾನುವಾರ ಮುಚ್ಚಿದೆ. ಮೆಕ್ಯಾನಿಕ್‌ಗೆ ಅವನೇ ಫೋನ್ ಮಾಡಿದ. ಆತ ಯಾವುದೋ ಹಳ್ಳಿಯ ಮದುವೆಯಲ್ಲಿದ್ದ, ಬರುವುದು ನಾಳೆ ಒಂಬತ್ತಕ್ಕೆ.

ನಾನು ಬಂಕಿನ ಕಚೇರಿಯ ಗಾಜಿನ ಕಪಾಟನ್ನು ನೋಡುತ್ತ ನಿಂತೆ. ಎಂಜಿನ್ ಆಯಿಲ್ ಡಬ್ಬಗಳು, ಕೂಲೆಂಟ್, ಕಾರಿನೊಳಗೆ ತೂಗುಹಾಕುವ ಸುಗಂಧದ ಬಿಲ್ಲೆಗಳು, ಚಿಪ್ಸ್, ತಂಪು ಪಾನೀಯದ ಬಾಟಲಿಗಳು. ಗೋಡೆಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಬಾಗಿಲ ಬಳಿ ಇಪ್ಪತ್ತು ಲೀಟರಿನ ಬಕೆಟ್‌ಗಳ ಸಾಲು. ಲಾರಿಯವರು ಯೂರಿಯಾ ಎಂದು ಕರೆಯುವ ಡೆಫ್ ಅದು, ಡೀಸೆಲ್ ಹೊಗೆಯ ವಿಷ ತಗ್ಗಿಸುವ ದ್ರವ. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಹೊಸ ಡೀಸೆಲ್ ಲಾರಿಗಳಿಗೆ ಅದು ಬೇಕೇಬೇಕಾಯಿತು. ಬೇಕಾದಾಗ ಬಂಕಿನಲ್ಲಿ ಅದಕ್ಕೆ ಜಾಗವೂ ಆಯಿತು. ಅಷ್ಟು ದೊಡ್ಡ ಬಕೆಟ್‌ಗೆ ಜಾಗವಿರುವ ಕಡೆ ಉಗುರಿನಷ್ಟು ಅಗಲದ, ಹತ್ತು ರೂಪಾಯಿಯ ಫ್ಯೂಸ್‌ಗೆ ಜಾಗವಿಲ್ಲ ಎಂದರೆ ನನಗೆ ಆ ಹೊತ್ತಿನಲ್ಲಿ ಒಪ್ಪಲಾಗಲಿಲ್ಲ. ಈಗಲೂ ಒಪ್ಪುವುದಿಲ್ಲ.

ಡೀಸೆಲ್ ಹಾಕಿಸುತ್ತಿದ್ದ ಇನ್ನೊಬ್ಬರು ಬಂದು ಬಗ್ಗಿ ನೋಡಿ, "ತಾಮ್ರದ ತಂತಿ ಒಂದೆಳೆ ಸುತ್ತಿ ಸಿಕ್ಕಿಸಿಬಿಡಿ, ಗೋಕರ್ಣದವರೆಗೆ ಏನೂ ಆಗದು" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನ್ನ ಕೈಯೂ ಮೊಬೈಲ್ ಚಾರ್ಜರಿನ ಹಳೆಯ ವೈರಿನ ಕಡೆಗೆ ಹೋಯಿತು. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಲಾರಿಯ ಚಾಲಕ ಇಳಿದು ಬಂದರು. ಕೊಪ್ಪಳದಿಂದ ಕಬ್ಬಿಣದ ಸರಳು ಹೇರಿಕೊಂಡು ಕೇರಳಕ್ಕೆ ಹೊರಟವರು. "ತಂತಿ ಹಾಕಬೇಡಿ ಸಾಹೇಬರೇ" ಎಂದರು. "ಫ್ಯೂಸ್ ಸುಟ್ಟಿದೆ ಎಂದರೆ ಅದು ತನ್ನ ಕೆಲಸ ಮಾಡಿದೆ. ತಂತಿ ಸುಡುವುದಿಲ್ಲ, ಗಾಡಿ ಸುಡುತ್ತದೆ. ಒಳಗೆ ಅಮ್ಮ ಇದ್ದಾರೆ, ಮಗು ಇದೆ."

ಅವರು ತಮ್ಮ ಲಾರಿಯಿಂದ ಒಂದು ತಗಡಿನ ಪೆಟ್ಟಿಗೆ ತಂದರು. ಹಳೆಯ ಬಿಸ್ಕತ್ತಿನ ಡಬ್ಬ, ಮುಚ್ಚಳದ ಮೇಲಿನ ಬಣ್ಣವೆಲ್ಲ ಸವೆದಿತ್ತು. ಒಳಗೆ ಬಟ್ಟೆಯಲ್ಲಿ ಸುತ್ತಿದ ಬಲ್ಬ್‌ಗಳು, ಹೋಸ್ ಕ್ಲಿಪ್‌ಗಳು, ಇನ್ಸುಲೇಷನ್ ಟೇಪ್, ಟೈರಿನ ವಾಲ್ವ್ ಪಿನ್‌ಗಳು, ಒಂದು ಸಣ್ಣ ಡಬ್ಬಿಯ ತುಂಬ ಬಣ್ಣಬಣ್ಣದ ಫ್ಯೂಸ್‌ಗಳು. ಸ್ಟೇರಿಂಗ್ ಕೆಳಗಿನ ಮುಚ್ಚಳ ತೆಗೆದು ಟಾರ್ಚ್ ಹಿಡಿದರು. ಮುಚ್ಚಳದ ಒಳಮೈಯ ಸಣ್ಣ ಅಕ್ಷರಗಳನ್ನು ಮಗಳು ಓದಿ ಹೇಳಿದಳು. ವೈಪರಿನ ಫ್ಯೂಸ್ ನೀಲಿ, ಹದಿನೈದು ಆಂಪಿಯರ್. ಇಕ್ಕಳದಿಂದ ಕಿತ್ತು ಟಾರ್ಚಿನ ಬೆಳಕಿಗೆ ಹಿಡಿದಾಗ ಎರಡು ಕಾಲುಗಳ ನಡುವಿನ ಕೂದಲಿನಂಥ ಎಳೆ ನಡುವೆ ಕಡಿದು, ನೀಲಿ ಪ್ಲಾಸ್ಟಿಕ್‌ನ ಒಳಗೆ ಹೊಗೆಯ ಕಲೆಯೊಂದು ಕೂತಿತ್ತು. ಬಿಡಿ ಫ್ಯೂಸ್ ಇಡುವ ಗೂಡುಗಳು ಖಾಲಿ ಇದ್ದವು. ಮೂರು ವರ್ಷದಲ್ಲಿ ನಾನು ಒಮ್ಮೆಯೂ ಆ ಮುಚ್ಚಳ ತೆಗೆದು ನೋಡಿರಲಿಲ್ಲ. ನೋಡಬೇಕಿತ್ತು, ಅದು ನನ್ನ ತಪ್ಪು.

ಚಾಲಕರ ಡಬ್ಬಿಯಲ್ಲಿ ನೀಲಿ ಫ್ಯೂಸ್ ಇತ್ತು, ಆದರೆ ಅವು ಗಾತ್ರದಲ್ಲಿ ದೊಡ್ಡವು, ನಮ್ಮ ಗೂಡಿಗೆ ಕೂರಲಿಲ್ಲ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮೊಬೈಲ್ ಚಾರ್ಜ್ ಮಾಡುವ ಸಾಕೆಟ್‌ಗೆ ಎಷ್ಟು ಎಂದು ಬರೆದಿದೆ, ನೋಡಮ್ಮಾ" ಎಂದು ಮಗಳನ್ನು ಕೇಳಿದರು. ಅದೂ ಹದಿನೈದು. ಅದನ್ನು ಕಿತ್ತು ಇಲ್ಲಿಗೆ ಹಾಕುವ ಮೊದಲು ಬಾನೆಟ್ ಎತ್ತಿಸಿದರು. ಗಾಜಿನ ಬುಡದ ಸಂದಿಯಲ್ಲಿ, ವೈಪರಿನ ತೋಳು ತಿರುಗುವಲ್ಲಿ, ಬೆರಳುದ್ದದ ಒಂದು ರೆಂಬೆ ಎಲೆಗಳ ರಾಶಿಯೊಂದಿಗೆ ಸಿಕ್ಕಿಕೊಂಡಿತ್ತು. ಮಾಗೋಡಿನ ಮರದ್ದು. ವೈಪರ್ ಅದಕ್ಕೆ ತಡೆದು, ಮೋಟಾರ್ ತಿಣುಕಿ, ಫ್ಯೂಸ್ ತಾನು ಸುಟ್ಟು ಮೋಟಾರನ್ನು ಉಳಿಸಿತ್ತು. ರೆಂಬೆ ತೆಗೆದು ಫ್ಯೂಸ್ ಒತ್ತಿದರು. ವೈಪರ್ ಒಂದು ಸಲ ಪೂರ್ತಿ ಹೋಗಿ ಪೂರ್ತಿ ಬಂದಿತು. ಅವ್ವ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೈ ಮುಗಿದಳು.

ಹಣ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಚಹಾ ಕುಡಿದರು. "ನಮಗೆ ಈ ಡಬ್ಬ ಊಟದ ಬುತ್ತಿಯ ಹಾಗೆ. ಕಾರಿನವರು ಬಂಕ್ ಇದೆ ಎಂದುಕೊಂಡು ಹೊರಡುತ್ತಾರೆ, ಬಂಕಿನಲ್ಲಿ ಎಣ್ಣೆ ಬಿಟ್ಟರೆ ಏನಿದೆ?" ಎಂದರು.

ಘಟ್ಟ ಇಳಿಯುವಾಗ ನಾನು ಅದನ್ನೇ ಯೋಚಿಸುತ್ತಿದ್ದೆ. ಪೆಟ್ರೋಲ್ ಬಂಕ್ ಎಂದರೆ ಬರೀ ಎಣ್ಣೆ ಮಾರುವ ಜಾಗವಲ್ಲ ಎಂದು ನಾವು ಎಂದೋ ಒಪ್ಪಿಕೊಂಡಿದ್ದೇವೆ. ಟೈರಿಗೆ ಪುಕ್ಕಟೆ ಗಾಳಿ, ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಅಲ್ಲಿ ಇರಲೇಬೇಕು. ಮನುಷ್ಯನ ಗಾಯಕ್ಕೆ ಪೆಟ್ಟಿಗೆ ಇರುವಾಗ ವಾಹನದ ಸಣ್ಣ ಗಾಯಕ್ಕೂ ಒಂದು ಇರಲಿ ಎನ್ನುವುದು ಅತಿಯಾಸೆಯೇ? ಬಂಕಿನವರ ಕಷ್ಟವೂ ನಿಜ. ನೂರು ಮಾದರಿಯ ಕಾರು, ಒಂದರ ಫ್ಯಾನ್ ಬೆಲ್ಟ್ ಇನ್ನೊಂದಕ್ಕೆ ಆಗದು, ರೇಡಿಯೇಟರ್ ಹೋಸ್ ಆಗದು. ಅವನ್ನೆಲ್ಲ ತಂದಿಟ್ಟರೆ ದುಡ್ಡು ಕಪಾಟಿನಲ್ಲಿ ಕೊಳೆಯುತ್ತದೆ. ಹೊಸ ಕಾರುಗಳ ಎಲ್‌ಇಡಿ ಹೆಡ್‌ಲೈಟ್‌ಗೆ ಬದಲಿ ಬಲ್ಬ್ ಹಾಕುವ ಮಾತೇ ಇಲ್ಲ. ಆದರೆ ನಾನು ಕೇಳುವುದು ಬೆಲ್ಟ್ ಅಲ್ಲ. ಫ್ಯೂಸ್‌ಗಳಲ್ಲಿ ಬಳಕೆಯಲ್ಲಿರುವುದು ಎರಡು ಮೂರು ಗಾತ್ರ ಮಾತ್ರ. ಹಳೆಯ ಕಾರುಗಳಲ್ಲಿ ಬಹಳಷ್ಟಕ್ಕೆ ಎಚ್4 ಎಂಬ ಒಂದೇ ಬಗೆಯ ಹೆಡ್‌ಲೈಟ್ ಬಲ್ಬ್ ಸಾಕು. ಹೋಸ್ ಕ್ಲಿಪ್, ವಾಲ್ವ್ ಪಿನ್, ಬ್ಯಾಟರಿಯಿಂದ ಬ್ಯಾಟರಿಗೆ ಜೋಡಿಸುವ ಕೇಬಲ್, ಟ್ಯೂಬ್‌ಲೆಸ್ ಪಂಕ್ಚರಿನ ಬತ್ತಿ, ಇವಕ್ಕೆ ಕಾರಿನ ಹೆಸರು ಕೇಳಬೇಕಾಗಿಲ್ಲ. ಪಂಕ್ಚರಿನ ಬತ್ತಿಯಂತೂ ಈಗ ಮೊದಲಿಗಿಂತ ಹೆಚ್ಚು ಬೇಕು. ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ದುರಸ್ತಿ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮವೇ ಬದಲಾಗಿದೆ. ಹೆದ್ದಾರಿಗೆ 1033 ಸಹಾಯವಾಣಿ ಇದೆ, ಕ್ರೇನ್ ಬಂದು ಕಾರನ್ನು ಎಳೆದೊಯ್ಯಬಹುದು. ಒಂದು ಫ್ಯೂಸ್‌ಗಾಗಿ ಕ್ರೇನ್ ಕರೆಯುವ ಸ್ಥಿತಿ ಯಾಕೆ ಬರಬೇಕು?

ರಾಮನಗುಳಿಯ ಹತ್ತಿರ ಮಳೆ ಕಡಿಮೆಯಾಯಿತು. ಅಂಕೋಲಾದಿಂದ ಗೋಕರ್ಣದ ಕಡೆಗೆ ಹೊರಳಿ ಶಿರೂರು ದಾಟುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. 2024ರ ಜುಲೈ 16ರಂದು ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿದ್ದು ಇಲ್ಲಿಯೇ. ಮಳೆಗಾಲದಲ್ಲಿ ಈ ಸೀಮೆಯ ಗುಡ್ಡದ ಬುಡದಲ್ಲಿ ಕೆಟ್ಟು ನಿಲ್ಲುವುದು ಎಂದರೆ ಏನು ಎಂದು ಇಲ್ಲಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಬೆಳಗ್ಗೆ ಏಳಕ್ಕೆ ಕೋಟಿತೀರ್ಥದ ಮೆಟ್ಟಿಲ ಮೇಲೆ ಕೂತಿದ್ದೆವು. ಕಾರ್ಯ ಮುಗಿಯಿತು. ಅವ್ವ ಕಡಲ ದಂಡೆಗೆ ಹೋಗಿ ಬಹಳ ಹೊತ್ತು ನೀರನ್ನು ನೋಡಿದಳು, ಮಾಗೋಡಿನಲ್ಲಿ ನೋಡಿದ ಹಾಗೆಯೇ.

ಮರಳುವಾಗ ಅಂಕೋಲಾದ ಬಿಡಿಭಾಗದ ಅಂಗಡಿಯಲ್ಲಿ ಎಲ್ಲವನ್ನೂ ಎರಡೆರಡು ಕೊಂಡೆ. ಒಂದು ನಮ್ಮ ಕಾರಿಗೆ. ಇನ್ನೊಂದನ್ನು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿ ಅದೇ ಬಂಕಿಗೆ ಒಯ್ದೆ. ಮ್ಯಾನೇಜರ್ ಮೊದಲು ಹಿಂದೆಮುಂದೆ ನೋಡಿದರು. "ಬಿಲ್ ಇಲ್ಲದ ಸಾಮಾನು, ತಪಾಸಣೆಯವರು ಕೇಳಿದರೆ ಏನು ಹೇಳಲಿ?" ಮಾರುವುದು ಬೇಡ, ಬೇಕಾದವರಿಗೆ ಕೊಡಿ, ಹೋದ ಹಾಗೆ ನಾನು ತುಂಬಿಸುತ್ತೇನೆ, ವರ್ಷಕ್ಕೆ ಎರಡು ಸಲವಾದರೂ ಈ ದಾರಿಯಲ್ಲಿ ಬರುತ್ತೇನೆ ಎಂದೆ. ಕೊನೆಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಕೆಳಗಿನ ಹಲಗೆಯ ಮೇಲೆ ಇಡಲು ಒಪ್ಪಿದರು. ಹುಡುಗ ಡಬ್ಬ ತೆರೆದು, ಯಾವ ಬಣ್ಣ ಎಷ್ಟು ಆಂಪಿಯರ್‌ಗೆ ಎಂದು ಮಗಳನ್ನು ಕೇಳಿದ. ಅವಳು ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಟ್ಟಳು. ಕೆಂಪು ಹತ್ತು, ನೀಲಿ ಹದಿನೈದು, ಹಳದಿ ಇಪ್ಪತ್ತು, ಹಸಿರು ಮೂವತ್ತು. ಅವನು ಅದನ್ನು ಮುಚ್ಚಳದ ಒಳಮೈಗೆ ಅಂಟಿಸಿ, ಹೊಸ ಇನ್ಸುಲೇಷನ್ ಟೇಪಿನಿಂದ ಸ್ವಲ್ಪ ಬಿಚ್ಚಿ ಹಾಳೆಯ ನಾಲ್ಕು ಮೂಲೆಗೂ ಹಾಕಿದ.