ಮಳೆಗಾಲದಲ್ಲಿ ಜೋಡುನಳಿಗೆ ಕೋವಿ

ಆಗುಂಬೆ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಗೋಡೆಯೇ ಬೆವರುತ್ತದೆ, ಇನ್ನು ಕೋವಿಯ ಪಾಡೇನು? ತೊಗಲಿನ ಚೀಲದಲ್ಲಂತೂ ಇಡಬೇಡಿ; ತೊಗಲು ತೇವ ಹೀರಿ ಕಬ್ಬಿಣಕ್ಕೆ ಒತ್ತಿಕೊಂಡಿರುತ್ತದೆ.

ಮೊದಲು ಕೋವಿ ಮಡಚಿ, ಎರಡೂ ನಳಿಗೆ ಖಾಲಿಯೇ ಎಂದು ಕಣ್ಣಾರೆ ನೋಡಿ. ಗಜಕ್ಕೆ (ನಳಿಗೆ ಉಜ್ಜುವ ಉದ್ದನೆಯ ಕೋಲು) ಹತ್ತಿಬಟ್ಟೆ ಸುತ್ತಿ, ತೋಟಾ (ಕಾಡತೂಸು) ಹಾಕುವ ಕಡೆಯಿಂದ ತಳ್ಳಿ. ಬಟ್ಟೆ ಬೆಳ್ಳಗೆ ಬರುವವರೆಗೂ ಬಿಡಬೇಡಿ. ಆಮೇಲೆ ಗನ್ ಆಯಿಲ್ ಎರಡೇ ಹನಿ, ತೆಳ್ಳಗೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ: ಚಳಿಗೆ ಗಟ್ಟಿಯಾಗಿ, ಜಿಗುಟಾಗಿ ಗುಂಡು ಹಾರಿಸುವ ಕುದುರೆಯ ಒಳಗೆ ಕಚ್ಚಿಕೊಳ್ಳುತ್ತದೆ. ಬೆರಳಚ್ಚನ್ನೂ ಒರೆಸಿ, ಬೆವರಿನ ಉಪ್ಪು ಬಿದ್ದಲ್ಲೇ ಕೆಂಪು ಚುಕ್ಕೆ ಏಳುವುದು. ಉಬ್ಬಿದ ಕಾಗದದ ತೋಟಾ ತುರುಕಬೇಡಿ.

ಕೋವಿಯ ಲೈಸೆನ್ಸ್ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ 5 ವರ್ಷಕ್ಕೆ. ಬೆಳೆ ರಕ್ಷಣೆಯ ಲೈಸೆನ್ಸ್ ಇದೆಯೆಂದು ಕಾಡುಪ್ರಾಣಿ ಹೊಡೆಯುವಂತಿಲ್ಲ. ಚುನಾವಣೆಗೆ ಠಾಣೆಯಲ್ಲಿ ಇಡಲು ಹೇಳಿದರೆ ಎಣ್ಣೆ ಸವರಿ ಕೊಡಿ, ರಸೀದಿ ಪಡೆಯಿರಿ.