ಆನರ್ಸ್ ಪ್ರಬಂಧಕ್ಕೆ ಯಾವ ವಿಷಯ ತಗೊಳ್ಳಲಿ?

ಅರ್ಥಶಾಸ್ತ್ರ ಓದುವ ಹುಡುಗ ಹುಡುಗಿಯರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: "ಸರ್, ಆನರ್ಸ್ ಪ್ರಬಂಧಕ್ಕೆ ಯಾವ ವಿಷಯ ತಗೊಳ್ಳಲಿ?" ಯುಜಿಸಿ ಚೌಕಟ್ಟಿನಲ್ಲಿ ನಾಲ್ಕನೇ ವರ್ಷದ ಸಂಶೋಧನಾ ಆನರ್ಸ್‌ಗೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ ಬೇಕು. ಪ್ರಬಂಧಕ್ಕೇ 12 ಕ್ರೆಡಿಟ್. ಭಯ ಆಗುವುದು ಸಹಜ.

ನನ್ನ ಉತ್ತರ: ಮೊದಲು ಒಂದು ಒಳ್ಳೆಯ ಹೋಲಿಕೆ ಹುಡುಕಿ. ವಿಷಯ ಅದರ ಹಿಂದೆಯೇ ಬರುತ್ತದೆ.

"ಮಹಿಳಾ ಸಬಲೀಕರಣ" ಅಂತ ಬರೆದುಕೊಂಡು ಬಂದರೆ ವರ್ಷವಿಡೀ ಓದಿದರೂ ಮುಗಿಯಲ್ಲ. ಅದರ ಬದಲು ಹೀಗೆ ಕೇಳಿ: ಬಸ್ ಪ್ರಯಾಣ ಉಚಿತವಾದ ಮೇಲೆ ಹೆಂಗಸರು ದೂರದ ಕೆಲಸಕ್ಕೆ ಹೋಗಲು ಶುರು ಮಾಡಿದರಾ?

ನಮ್ಮಲ್ಲಿ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಅದಕ್ಕೆ ಮುಂಚೆ ಎಷ್ಟು ಜನ ಕೆಲಸಕ್ಕೆ ಹೋಗುತ್ತಿದ್ದರು, ಆಮೇಲೆ ಎಷ್ಟು ಅಂತ ನೋಡಿದರೆ ಸಾಕಲ್ವಾ? ಸಾಕಾಗಲ್ಲ. ಅದೇ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿಯೂ ಬರತೊಡಗಿತು. ಯಾವ ಬದಲಾವಣೆ ಯಾವುದರಿಂದ ಆಯಿತು ಅಂತ ಹೇಗೆ ಬೇರ್ಪಡಿಸುತ್ತೀರಿ?

ಇಲ್ಲಿ ಕರಾವಳಿ ನೆರವಿಗೆ ಬರುತ್ತದೆ. ಉಡುಪಿ, ಮಂಗಳೂರು ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅದರಲ್ಲಿ ಶೂನ್ಯ ಟಿಕೆಟ್ ಇಲ್ಲ. ಪುತ್ತೂರು, ಸುಳ್ಯ ಕಡೆ ಸರ್ಕಾರಿ ಬಸ್ಸು ಜಾಸ್ತಿ. ಗೃಹಲಕ್ಷ್ಮಿ ಎರಡೂ ಕಡೆ ಇದೆ, ಉಚಿತ ಬಸ್ಸು ಮುಖ್ಯವಾಗಿ ಒಂದೇ ಕಡೆ. ಎರಡೂ ಕಡೆಯ ಬದಲಾವಣೆಯಲ್ಲಿ ಎಷ್ಟು ಅಂತರವಿದೆ ಅನ್ನುವುದೇ ನಿಮ್ಮ ಪ್ರಬಂಧ. ಪಠ್ಯದಲ್ಲಿ ಇದನ್ನೇ ಡಿಫರೆನ್ಸ್ ಇನ್ ಡಿಫರೆನ್ಸಸ್ ಅನ್ನುತ್ತಾರೆ.

1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿದಾಗ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಮಾಡಿದ್ದೂ ಇದನ್ನೇ. ಕೂಲಿ ಏರದ ಪಕ್ಕದ ಪೆನ್ಸಿಲ್ವೇನಿಯಾದ ಜೊತೆ ಹೋಲಿಸಿದರು. ಎರಡೂ ಕಡೆ ಸೇರಿ 410 ಫಾಸ್ಟ್‌ಫುಡ್ ಅಂಗಡಿಗಳು. ಕೂಲಿ ಏರಿದ್ದರಿಂದ ಕೆಲಸ ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಇನ್ನು ಮಾಹಿತಿ. ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಉದ್ಯೋಗ ಸಮೀಕ್ಷೆ ಪುಕ್ಕಟೆ ಸಿಗುತ್ತದೆ, ಆದರೆ ಯಾರು ಯಾವ ಬಸ್ ಹತ್ತಿದರು ಅಂತ ಅದು ಹೇಳಲ್ಲ. ಮನೆ ಮನೆಗೆ ನೀವೇ ಹೋಗಬೇಕು. ಅಲ್ಲಿ "ಶಕ್ತಿಯಿಂದ ಅನುಕೂಲ ಆಯ್ತಾ ಅಕ್ಕಾ?" ಅಂತ ಮಾತ್ರ ಕೇಳಬೇಡಿ. ಎಲ್ಲರೂ ಹೌದು ಅಂತಾರೆ. "ಬಸ್ ಫ್ರೀ ಆಗೋ ಮುಂಚೆ ಎಲ್ಲಿ ಕೆಲಸ ಮಾಡ್ತಿದ್ರಿ? ಈಗ ಎಲ್ಲಿ?" ಅಂತ ಕೇಳಿ. ಮನೆಯಲ್ಲೇ ಬೀಡಿ ಕಟ್ಟುತ್ತಿದ್ದವರು ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದಾರಾ ಅನ್ನುವುದು ಆಗ ಗೊತ್ತಾಗುತ್ತದೆ. ಯಾರೂ ಕೆಲಸ ಬದಲಿಸಿಲ್ಲ ಅಂತ ಬಂದರೆ ಅದನ್ನೂ ಹಾಗೇ ಬರೆಯಿರಿ, ಅಂಕಿಗಳನ್ನು ಎಳೆದಾಡಬೇಡಿ.

ಗೈಡ್ ಹತ್ತಿರ ಹೋಗುವ ಮುಂಚೆ ಅರ್ಧ ಪುಟ ಬರೆದುಕೊಳ್ಳಿ: ಯಾರನ್ನು ಯಾರ ಜೊತೆ ಹೋಲಿಸುತ್ತೀರಿ, ಮಾಹಿತಿ ಎಲ್ಲಿಂದ ತರುತ್ತೀರಿ. ಅಷ್ಟು ಬರೆಯಲು ಆಗದಿದ್ದರೆ ಪ್ರಶ್ನೆಯನ್ನು ಇನ್ನೂ ಚಿಕ್ಕದು ಮಾಡಿ.