ಜ್ವರ ಬಂದವರು ನಡುಗುವುದೇಕೆ?

ಕೆನಡಾದ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ವರ್ಷದ ಪಾಠಗಳಲ್ಲಿ ನಾನು ಕಾತರದಿಂದ ಕಾಯುವುದು ಹೋಮಿಯೋಸ್ಟಾಸಿಸ್‌ಗಾಗಿ, ಅಂದರೆ ಜೀವಿಗಳು ತಮ್ಮ ಒಳಗನ್ನು ಹದದಲ್ಲಿ ಇಟ್ಟುಕೊಳ್ಳುವ ಬಗೆಯನ್ನು ಹೇಳುವ ಪಾಠಕ್ಕಾಗಿ. ವಿಜ್ಞಾನ ಕಲಿಸುವ ಗೆಳೆಯರು ಈ ಪಾಠವನ್ನು ಹೇಗೆ ಮಾಡುತ್ತೀರಿ ಎಂದು ಕೇಳುತ್ತಿರುತ್ತಾರೆ. ಈ ಬರಹ ಅವರಿಗಾಗಿ.

ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಹೊರಗೆ ಮೈನಸ್ 20 ಡಿಗ್ರಿ, ಕೋಣೆಯಲ್ಲಿ 21, ಮಕ್ಕಳ ಮೈಯೊಳಗೆ ಸುಮಾರು 37. ಮೂರು ಅಂಕಿಗಳನ್ನು ಹಲಗೆಯ ಮೇಲೆ ಬರೆದು ಸುಮ್ಮನೆ ನಿಲ್ಲುತ್ತೇನೆ. ಪ್ರಶ್ನೆಗಳು ತಾವಾಗಿ ಬರುತ್ತವೆ. ಆಮೇಲೆ ಮಕ್ಕಳು ಮೆಟ್ಟಿಲು ಹತ್ತಿಳಿದು ನಿಮಿಷಕ್ಕೊಮ್ಮೆ ನಾಡಿ ಎಣಿಸುತ್ತಾರೆ. ನಕ್ಷೆಯ ಗೆರೆ ಏರುತ್ತದೆ, ಇಳಿಯುತ್ತದೆ, ಕೂತು ಸುಧಾರಿಸಿಕೊಂಡ ಮೇಲೂ ಅತ್ತಿತ್ತ ತುಯ್ಯುತ್ತಲೇ ಇರುತ್ತದೆ. ದೇಹದ ಸ್ಥಿರತೆಗೆ ಬಿಡುವಿಲ್ಲದ ದುಡಿಮೆ ಬೇಕು ಎಂಬುದನ್ನು ಆ ಗೆರೆ ನನಗಿಂತ ಚೆನ್ನಾಗಿ ಹೇಳುತ್ತದೆ.

ಕೋಣೆಯ ಬಿಸಿಯನ್ನು ಹದದಲ್ಲಿಡುವ ಗೋಡೆಯ ಥರ್ಮೋಸ್ಟಾಟ್ ಎಲ್ಲ ಪಠ್ಯಪುಸ್ತಕಗಳ ಮೆಚ್ಚಿನ ಹೋಲಿಕೆ. ಅಳೆಯುವುದು, ಗುರಿಯೊಂದಿಗೆ ಹೋಲಿಸುವುದು, ಸರಿಪಡಿಸುವುದು ಎಂಬ ಚಕ್ರವನ್ನು ತೋರಿಸಲು ಅದು ಸಾಕು. ಆದರೆ ಒಂದು ದಿನಕ್ಕಿಂತ ಹೆಚ್ಚು ಅದನ್ನು ನೆಚ್ಚಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಗುರಿಯನ್ನು ಹೊರಗಿನವರೊಬ್ಬರು ಬಂದು ಬದಲಿಸಬೇಕು. ದೇಹವೋ ತನ್ನ ಗುರಿಯನ್ನು ತಾನೇ ಬದಲಿಸಬಲ್ಲದು.

ಇದಕ್ಕೆ ಜ್ವರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮೈ ಸುಡುತ್ತಿರುವಾಗ ಚಳಿಯಾಗುವುದೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸೋಂಕು ತಗುಲಿದಾಗ ರೋಗನಿರೋಧಕ ಕೋಶಗಳು ಕಳಿಸುವ ಸಂಕೇತಗಳಿಂದ ಮೈಯ ಉಷ್ಣತೆಯನ್ನು ನಿಯಂತ್ರಿಸುವ ಮೆದುಳಿನ ಭಾಗವಾದ ಹೈಪೊಥಲಾಮಸ್‌ನಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಗುರಿ ಉಷ್ಣತೆ 37ರಿಂದ, 39ಕ್ಕೆ ಎಂದಿಟ್ಟುಕೊಳ್ಳಿ, ಏರುತ್ತದೆ. ಆ ಗಳಿಗೆಯಲ್ಲಿ 37 ಡಿಗ್ರಿಯ ದೇಹ ಮೆದುಳಿನ ಲೆಕ್ಕದಲ್ಲಿ ತಣ್ಣಗಿದೆ. ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಸ್ನಾಯುಗಳು ನಡುಗುತ್ತವೆ, ಕೈ ಹೊದಿಕೆ ಹುಡುಕುತ್ತದೆ. 39 ಮುಟ್ಟಿದ ಮೇಲೆ ನಡುಕ ನಿಲ್ಲುತ್ತದೆ. ಗುರಿ ಮತ್ತೆ ಇಳಿದಾಗ ಬೆವರು ಕಿತ್ತು ಬರುತ್ತದೆ.

ಪರೀಕ್ಷೆಯಲ್ಲಿ ಕೇಳುವುದೂ ಇದನ್ನೇ. ಇಬ್ಬರು ರೋಗಿಗಳು, ಇಬ್ಬರಿಗೂ 40 ಡಿಗ್ರಿ. ಒಬ್ಬರು ಸೋಂಕಿನಿಂದ ನಡುಗುತ್ತಿದ್ದಾರೆ, ಇನ್ನೊಬ್ಬರು ಬಿಸಿಲಲ್ಲಿ ದುಡಿದು ಕುಸಿದಿದ್ದಾರೆ. ಇಬ್ಬರಿಗೂ ಒಂದೇ ಚಿಕಿತ್ಸೆಯೇ? ಮೊದಲನೆಯವರಲ್ಲಿ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುವ ಐಬುಪ್ರೊಫೇನ್‌ನಂಥ ಔಷಧ ಗುರಿಯನ್ನು ಇಳಿಸುತ್ತದೆ. ಶಾಖಾಘಾತವಾದವರಲ್ಲಿ ಗುರಿ ಏರಿಯೇ ಇಲ್ಲ, ತಂಪಾಗಿಸುವ ವ್ಯವಸ್ಥೆ ಸೋತಿದೆ. ಅವರ ಮೈಯನ್ನು ಹೊರಗಿನಿಂದಲೇ ಕೂಡಲೇ ತಣಿಸಬೇಕು. ಪುಸ್ತಕದ ಚಕ್ರದ ಚಿತ್ರವನ್ನಷ್ಟೇ ಬಾಯಿಪಾಠ ಮಾಡಿದವರಿಗೆ ಈ ಪ್ರಶ್ನೆ ಕಷ್ಟ, ಅರ್ಥವಾದವರಿಗೆ ನಾಲ್ಕು ಸಾಲಿನ ಕೆಲಸ.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಬಹುಪಾಲನ್ನು ಮರಳಿ ಹೀರಿಕೊಳ್ಳುತ್ತವೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ರಕ್ತದ ಸಕ್ಕರೆಗೆ ಮಾತ್ರ ಸಮಯ ಕೊಡುತ್ತೇನೆ. 1921ರಲ್ಲಿ ಇದೇ ದೇಶದ ಟೊರಾಂಟೊದಲ್ಲಿ ಸಂಶೋಧಕರಾದ ಬ್ಯಾಂಟಿಂಗ್ ಮತ್ತು ಬೆಸ್ಟ್, ಆ ಸಕ್ಕರೆಯನ್ನು ಇಳಿಸುವ ಹಾರ್ಮೋನಾದ ಇನ್ಸುಲಿನ್ ಅನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದರ ಚುಚ್ಚುಮದ್ದನ್ನು ಮೊದಲು ಪಡೆದ ಮಧುಮೇಹಿ 14 ವರ್ಷದ ಹುಡುಗ. ತಮಗಿಂತ ಚಿಕ್ಕವನು ಎಂದು ಗೊತ್ತಾದಾಗ ಮಕ್ಕಳು ಮುಂದೆ ಬಾಗಿ ಕೇಳುತ್ತಾರೆ. ಇನ್ಸುಲಿನ್ ಪಂಪ್ ಧರಿಸಿದವರು ತರಗತಿಯಲ್ಲೇ ಇರಬಹುದು. ಅವರಾಗಿ ಹೇಳದ ಹೊರತು ಯಾರನ್ನೂ ಉದಾಹರಣೆಯಾಗಿಸಬೇಡಿ.

ಕೊನೆಗೆ ಚರ್ಚೆಗೆ ಬಿಡುವುದು ಇಲ್ಲಿನ ಕಾಡುಗಳ ವುಡ್ ಫ್ರಾಗ್ ಎಂಬ ಪುಟ್ಟ ಕಪ್ಪೆಯನ್ನು. ಚಳಿಗಾಲದಲ್ಲಿ ಅದರ ಮೈಯ ನೀರಿನ ಶೇಕಡಾ 65ರಷ್ಟು ಮಂಜುಗಡ್ಡೆಯಾಗುತ್ತದೆ, ಹೃದಯ ನಿಲ್ಲುತ್ತದೆ; ವಸಂತದಲ್ಲಿ ಕರಗಿ ಮತ್ತೆ ನೆಗೆಯುತ್ತದೆ. ಇದನ್ನೂ ಹೋಮಿಯೋಸ್ಟಾಸಿಸ್ ಎನ್ನಬಹುದೇ? 19ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಒಳ ಪರಿಸರ ಎಂದು ಕರೆದದ್ದು ಕೋಶಗಳನ್ನು ಸುತ್ತುವರಿದ ದ್ರವವನ್ನು. ಕಪ್ಪೆಯಲ್ಲಿ ಹೆಪ್ಪುಗಟ್ಟುವುದು ಆ ದ್ರವವೇ, ಹಾಗಾಗಿ ಅಲ್ಲ ಎಂದು ಅರ್ಧ ತರಗತಿ ವಾದಿಸುತ್ತದೆ. ಆದರೆ ಮಂಜು ಕಟ್ಟಲು ತೊಡಗುತ್ತಿದ್ದಂತೆ ಯಕೃತ್ತು ರಕ್ತಕ್ಕೆ ಗ್ಲೂಕೋಸ್ ಸುರಿಯುತ್ತದೆ, ಅದರ ಬಲದಿಂದ ಕೋಶಗಳ ಒಳಗಿನ ನೀರು ಹೆಪ್ಪುಗಟ್ಟದೆ ಉಳಿಯುತ್ತದೆ. ಕಾವಲು ತಪ್ಪಿಲ್ಲ, ಗಡಿಯನ್ನು ಕೋಶದ ಪೊರೆಯವರೆಗೆ ಹಿಂದಕ್ಕೆ ಎಳೆದುಕೊಂಡಿದೆ ಎಂದು ಉಳಿದರ್ಧ. ನಾನು ಈ ಎರಡನೆಯವರ ಪಕ್ಷ.